ಜಪಾನಿನ ಸಾರ್ವಜನಿಕ ಒಳಾಂಗಣ ಈಜುಕೊಳಕ್ಕೆ ಮೊದಲ ಸಲ ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲಸಕ್ಕೋ ಓದಿಗೋ ಜಪಾನಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಅನೇಕರು, ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಬೆಚ್ಚನೆಯ ನೀರಿನ ಈಜುಕೊಳವಿದೆ ಎಂದು ಗೊತ್ತಿದ್ದೂ ಅದರೊಳಗೆ ಕಾಲಿಡದೆ ವರ್ಷಗಳನ್ನು ಕಳೆಯುತ್ತಾರೆ. ಅವರನ್ನು ತಡೆಯುವುದು ನೀರಿನ ಭಯವಲ್ಲ. ಗೋಡೆಯ ತುಂಬ ಜಪಾನಿ ಲಿಪಿಯಲ್ಲಿ ಅಂಟಿಸಿದ ಸೂಚನೆಗಳು, ಎಲ್ಲರಿಗೂ ಎಲ್ಲವೂ ಮೊದಲೇ ತಿಳಿದಿರುವಂತೆ ನಡೆಯುವ ವ್ಯವಹಾರ, ನಡುವೆ ತಾನೊಬ್ಬನೇ ಏನಾದರೂ ತಪ್ಪು ಮಾಡಿಬಿಡುತ್ತೇನೇನೋ ಎಂಬ ಅಳುಕು, ಇವು ತಡೆಯುತ್ತವೆ. ನಾನೂ ಮೊದಲ ವರ್ಷವನ್ನು ಹೀಗೆಯೇ ಕಳೆದೆ. ಆಮೇಲೆ ಹೋಗಲು ಶುರುಮಾಡಿದಾಗ ಅರ್ಥವಾದದ್ದಿಷ್ಟು: ಇಲ್ಲಿನ ನಿಯಮಗಳು ಹೆಚ್ಚಿದ್ದರೂ ಬಹುತೇಕ ಎಲ್ಲವೂ ಎರಡೇ ಕಾರಣಗಳಿಂದ ಹುಟ್ಟಿವೆ. ಮೊದಲನೆಯದು, ಒಂದೇ ನೀರನ್ನು ನೂರಾರು ಜನ ಹಂಚಿಕೊಳ್ಳುತ್ತಾರೆ. ಎರಡನೆಯದು, ಎಂಬತ್ತರ ಅಜ್ಜಿಯೂ ಆರರ ಮಗುವೂ ಸ್ಪರ್ಧೆಗೆ ತಯಾರಾಗುವ ಯುವಕನೂ ಒಂದೇ ಹೊತ್ತಿನಲ್ಲಿ ಅದರೊಳಗೆ ಇರುತ್ತಾರೆ. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ತಾನಾಗಿಯೇ ಅರ್ಥವಾಗುತ್ತದೆ.

ಯಾವ ಕೊಳ, ಯಾವ ಹೊತ್ತು

ನಗರಸಭೆ ನಡೆಸುವ ಕೊಳವನ್ನು 'ಶಿಮಿನ್ ಪೂರು' ಎಂದೂ, ಟೋಕಿಯೋದಂತಹ ಕಡೆ ವಾರ್ಡ್ ಆಡಳಿತ ನಡೆಸುವುದನ್ನು 'ಕುಮಿನ್ ಪೂರು' ಎಂದೂ ಕರೆಯುತ್ತಾರೆ. ವರ್ಷವಿಡೀ ನೀರನ್ನು ಬೆಚ್ಚಗಿಡುವ ಒಳಾಂಗಣ ಕೊಳದ ಹೆಸರಿನಲ್ಲಿ 'ಒನ್ಸುಯ್ ಪೂರು' ಎಂಬ ಮಾತು ಇರುತ್ತದೆ. ನಕ್ಷೆಯಲ್ಲಿ ಹುಡುಕುವಾಗ ಈ ಮೂರು ಪದಗಳೇ ಸಾಕು. ಇವು ಖಾಸಗಿ ಫಿಟ್‌ನೆಸ್ ಕ್ಲಬ್‌ಗಳಲ್ಲ. ಸದಸ್ಯತ್ವ, ತಿಂಗಳ ಚಂದಾ, ವೈದ್ಯರ ಪ್ರಮಾಣಪತ್ರ ಇವುಗಳನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಹಲವು ಕಡೆ ಆ ಊರಿನ ನಿವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಸ್ವಲ್ಪ ಹೆಚ್ಚಿನ ದರ ಇರುತ್ತದೆಯೇ ಹೊರತು, ಹೊರದೇಶದವರಿಗೆಂದು ಬೇರೆ ದರವಿರುವುದಿಲ್ಲ. ಪ್ರವಾಸಕ್ಕೆ ಬಂದವರು ಸಹ ಬಹುತೇಕ ಕೊಳಗಳಲ್ಲಿ ಟಿಕೆಟ್ ಕೊಂಡು ಈಜಬಹುದು. ಒಂದು ಸಲದ ಶುಲ್ಕ ಸುಮಾರು 300ರಿಂದ 800 ಯೆನ್ ನಡುವೆ ಇರುವುದು ವಾಡಿಕೆ. ಟೋಕಿಯೋದ ಅನೇಕ ವಾರ್ಡ್ ಕೊಳಗಳಲ್ಲಿ ಆ ಹಣಕ್ಕೆ 2 ಗಂಟೆಗಳ ಅವಕಾಶ, ಅದನ್ನು ಮೀರಿದರೆ ಹೆಚ್ಚುವರಿ ಹಣ ಕೊಡಬೇಕು. ಬಟ್ಟೆ ಬದಲಿಸುವ ಹೊತ್ತೂ ಈ ಎರಡು ಗಂಟೆಗಳ ಲೆಕ್ಕದಲ್ಲೇ ಸೇರಿರುವುದರಿಂದ, ನೀರಿನಿಂದ ಕಾಲು ಗಂಟೆ ಮೊದಲೇ ಹೊರಬರಬೇಕು.

ಟೋಕಿಯೋದಲ್ಲಿ ಇರುವವರಿಗೆ ಮೂರು ಬಗೆಯ ಕೊಳಗಳನ್ನು ಉದಾಹರಣೆಯಾಗಿ ಹೇಳುತ್ತೇನೆ. ಸೆಂದಾಗಾಯ ನಿಲ್ದಾಣದ ಎದುರಿಗೇ ಇರುವ ಟೋಕಿಯೋ ಮೆಟ್ರೊಪಾಲಿಟನ್ ಜಿಮ್ನೇಶಿಯಂನಲ್ಲಿ 50 ಮೀಟರ್ ಮತ್ತು 25 ಮೀಟರ್ ಉದ್ದದ ಎರಡು ಒಳಾಂಗಣ ಕೊಳಗಳಿವೆ. 1964ರ ಒಲಿಂಪಿಕ್ಸ್ ನಡೆದ ತಾಣದಲ್ಲಿ, ವಾಸ್ತುಶಿಲ್ಪಿ ಫುಮಿಹಿಕೊ ಮಾಕಿ ಅವರು ವಿನ್ಯಾಸಗೊಳಿಸಿ 1990ರಲ್ಲಿ ಮುಗಿದ ಕಟ್ಟಡ ಅದು. ತಾತ್ಸುಮಿಯಲ್ಲಿರುವ ಟೋಕಿಯೋ ಅಕ್ವಾಟಿಕ್ಸ್ ಸೆಂಟರ್ 2021ರಲ್ಲಿ ನಡೆದ ಒಲಿಂಪಿಕ್ಸ್‌ಗಾಗಿ ಕಟ್ಟಿದ್ದು, 2023ರಿಂದ ಸಾರ್ವಜನಿಕರಿಗೆ ತೆರೆದಿದೆ. ವಿಶ್ವದ ಶ್ರೇಷ್ಠ ಈಜುಗಾರರು ಸ್ಪರ್ಧಿಸಿದ ಕೊಳದಲ್ಲಿ ಸಾಮಾನ್ಯ ಟಿಕೆಟ್ ಕೊಂಡು ಈಜಲು ಸಿಗುವುದು ಸಣ್ಣ ಮಾತಲ್ಲ. ಮೂರನೆಯ ಬಗೆ ನನಗೆ ಅತ್ಯಂತ ಇಷ್ಟವಾದದ್ದು: ಇಕೆಬುಕುರೊ ಬಳಿಯ ಕೆಂಕೋ ಪ್ಲಾಜಾ ತೊಶಿಮಾದ ಕೊಳ. ಅದರ ಪಕ್ಕದಲ್ಲೇ 210 ಮೀಟರ್ ಎತ್ತರದ ಚಿಮಣಿಯುಳ್ಳ ತೊಶಿಮಾ ಕಸ ದಹನ ಘಟಕವಿದ್ದು, ಕಸ ಸುಟ್ಟಾಗ ಹುಟ್ಟುವ ಶಾಖದಿಂದಲೇ ಕೊಳದ ನೀರು ಬೆಚ್ಚಗಾಗುತ್ತದೆ. ಜಪಾನಿನ ಅನೇಕ ಊರುಗಳಲ್ಲಿ ಈ ಏರ್ಪಾಡು ಇದೆ. ತಮ್ಮ ಮನೆಯ ಪಕ್ಕದಲ್ಲಿ ಕಸ ಸುಡುವುದನ್ನು ಒಪ್ಪಿಕೊಂಡ ಜನರಿಗೆ ಆಡಳಿತವು ಕಡಿಮೆ ದರದ ಬೆಚ್ಚನೆಯ ಕೊಳವನ್ನು ಕೊಡುವುದು ನ್ಯಾಯವಾದ ಕ್ರಮವೆಂದು ನನಗೆ ಅನಿಸಿದೆ. ಕಸದ ರಾಶಿಗಳ ಸುತ್ತ ಬದುಕುವವರಿಗೆ ಏನೂ ಸಿಗದ ಊರುಗಳಿಂದ ಬಂದವರು ಇದನ್ನು ಗಮನಿಸಬೇಕು.

ಹೋಗುವ ಮುನ್ನ ಆ ದಿನದ ವೇಳಾಪಟ್ಟಿಯನ್ನು ನೋಡಲೇಬೇಕು. ವಾರಕ್ಕೊಮ್ಮೆಯೋ ತಿಂಗಳಿಗೆ ಒಂದೆರಡು ಬಾರಿಯೋ ರಜೆ ಇರುತ್ತದೆ; ವರ್ಷದ ಕೊನೆಯ ಹಾಗೂ ಹೊಸ ವರ್ಷದ ಮೊದಲ ಕೆಲವು ದಿನ ಎಲ್ಲ ಕಡೆ ಬಹುತೇಕ ಮುಚ್ಚಿರುತ್ತದೆ; ವರ್ಷದಲ್ಲೊಮ್ಮೆ ನೀರು ಬಸಿದು ದುರಸ್ತಿ ಮಾಡಲು ಕೆಲವು ವಾರ ಮುಚ್ಚುವುದೂ ಉಂಟು. ಇದಲ್ಲದೆ ಶಾಲೆಗಳು, ಈಜು ತರಗತಿಗಳು, ಸ್ಥಳೀಯ ಸಂಘಗಳು ಕೆಲವು ಲೇನ್‌ಗಳನ್ನೋ ಇಡೀ ಕೊಳವನ್ನೋ ಕಾಯ್ದಿರಿಸಿರುತ್ತವೆ. ಇದಕ್ಕೆ 'ಕಾಶಿಕಿರಿ' ಎನ್ನುತ್ತಾರೆ. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಶಾಲೆಗಳಿಗೆ ಬೇಸಿಗೆ ರಜೆಯಾದ್ದರಿಂದ ಕೊಳ ತುಂಬಿ ತುಳುಕುತ್ತದೆ. ಮೊದಲ ಭೇಟಿಗೆ ವಾರದ ನಡುವಿನ ದಿನದ ಮಧ್ಯಾಹ್ನದ ಹೊತ್ತನ್ನು ಆರಿಸಿಕೊಳ್ಳಿ. ಆಗ ಬಹುತೇಕ ಹಿರಿಯರೇ ಇರುತ್ತಾರೆ, ಸಿಬ್ಬಂದಿಗೂ ನಿಮಗೆ ವಿವರಿಸಿ ಹೇಳುವಷ್ಟು ಬಿಡುವಿರುತ್ತದೆ.

ಚೀಲದಲ್ಲಿ ಇರಬೇಕಾದವು

ಈಜುಟೋಪಿ ಇಲ್ಲದೆ ನೀರಿಗೆ ಬಿಡುವುದಿಲ್ಲ. ಕೂದಲು ಉದ್ದವಿರಲಿ, ಗಿಡ್ಡವಿರಲಿ, ಬೋಳುತಲೆಯೇ ಇರಲಿ, ಟೋಪಿ ಹಾಕಲೇಬೇಕು. ಬಟ್ಟೆಯ ಜಾಲರಿಯದ್ದಾಗಲಿ ಸಿಲಿಕೋನಿನದ್ದಾಗಲಿ ನಡೆಯುತ್ತದೆ. ಕೂದಲು ಉದ್ದವಿರುವ ಹೆಂಗಸರಿಗೆ ಬಟ್ಟೆಯ ಟೋಪಿಯೇ ಸಲೀಸು, ಏಕೆಂದರೆ ಗಂಟನ್ನು ಒಳಗೆ ಸೇರಿಸುವಾಗ ಅದು ಎಳೆಯುವುದಿಲ್ಲ. ಮರೆತು ಬಂದರೆ ಅನೇಕ ಕೊಳಗಳ ಕೌಂಟರಿನಲ್ಲಿ ಮಾರಾಟಕ್ಕೋ ಬಾಡಿಗೆಗೋ ಸಿಗುತ್ತದೆ. 'ಕ್ಯಾಪ್ಪು ಅರಿಮಾಸ್ ಕಾ' ಎಂದು ಕೇಳಿದರೆ ಸಾಕು.

ಈಜುಡುಗೆಯ ವಿಷಯದಲ್ಲಿ ನಮ್ಮ ಹೆಂಗಸರು ಅಂಜುವ ಅಗತ್ಯವಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೈಕಾಲು ತೋರುವ ತುಂಡು ಉಡುಗೆಯನ್ನು ಜಪಾನಿನ ಸಾರ್ವಜನಿಕ ಒಳಾಂಗಣ ಕೊಳಗಳಲ್ಲಿ ನಾನು ಕಂಡದ್ದೇ ಅಪರೂಪ. ಅಲ್ಲಿನ ಮಹಿಳೆಯರು, ಅದರಲ್ಲೂ ನಡುವಯಸ್ಸು ದಾಟಿದವರು, 'ಫಿಟ್‌ನೆಸ್ ಮಿಜುಗಿ' ಎಂಬ ಉಡುಪನ್ನು ಹಾಕುತ್ತಾರೆ: ಸೊಂಟದ ಕೆಳಗಿನವರೆಗೆ ಇಳಿಯುವ ಮೇಲಂಗಿ, ಮೊಣಕಾಲಿನವರೆಗಿನ ಬಿಗಿಯಾದ ಚಡ್ಡಿ. ಇನ್ನೂ ಮುಚ್ಚಿಕೊಳ್ಳಬೇಕೆಂದರೆ ಉದ್ದ ತೋಳಿನ 'ರ‍್ಯಾಶ್‌ಗಾರ್ಡ್' ಮೇಲಂಗಿ, ಈಜಿಗೆಂದೇ ಮಾಡಿದ ಲೆಗಿಂಗ್ಸ್ ಇವುಗಳಿಗೆ ಬಹುಪಾಲು ಕೊಳಗಳಲ್ಲಿ ಅಡ್ಡಿಯಿಲ್ಲ. ಅಡ್ಡಿ ಇರುವುದು ಬಟ್ಟೆಯ ಜಾತಿಗೆ: ಹತ್ತಿಯ ಟಿ-ಶರ್ಟ್, ಸಲ್ವಾರ್, ಮನೆಯಲ್ಲಿ ಹಾಕುವ ಲೆಗಿಂಗ್ಸ್, ಈಜುಡುಗೆಯ ಒಳಗೆ ಸಾಮಾನ್ಯ ಒಳಉಡುಪು, ಇವುಗಳಿಗೆ ಅನುಮತಿಯಿಲ್ಲ. ಗಂಡಸರಿಗೆ ತೊಡೆಗೆ ಅಂಟಿಕೊಳ್ಳುವ ಮೊಣಕಾಲುದ್ದದ ಈಜುಚಡ್ಡಿ ಉತ್ತಮ. ಲೋಹದ ಜಿಪ್, ಗುಂಡಿ, ದೊಡ್ಡ ಜೇಬುಗಳಿರುವ ಸಡಿಲ ಚಡ್ಡಿಗಳನ್ನು ಕೆಲವು ಕಡೆ ಬೇಡವೆನ್ನುತ್ತಾರೆ. ಅಂಗಡಿಯಲ್ಲಿ ಕೊಳ್ಳುವಾಗ ಜಪಾನಿನ ಅಳತೆಗಳು ನಮ್ಮವಕ್ಕಿಂತ ಚಿಕ್ಕದೆಂಬುದು ನೆನಪಿರಲಿ. ಅಲ್ಲಿನ ಕ್ರೀಡಾ ಉಡುಪುಗಳಲ್ಲಿ 'ಎಲ್' ಆದ ಮೇಲೆ 'ಓ' ಎಂಬ ಗುರುತು ಬರುತ್ತದೆ. ಅಲ್ಲಿನ ಎಕ್ಸ್‌ಎಲ್ ಎಂದರೆ ಅದೇ.

ಗಾಗಲ್ಸ್‌ನ ಕಣ್ಣು ಪ್ಲಾಸ್ಟಿಕ್ಕಿನದ್ದಾಗಿರಬೇಕು. ಗಾಜಿನದ್ದಕ್ಕೆ ಅನುಮತಿ ಇಲ್ಲ. ಕನ್ನಡಕ ಹಾಕುವವರು ಜಪಾನಿನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಪವರ್ ಇರುವ ಗಾಗಲ್ಸ್ ಅನ್ನು ಸಿದ್ಧವಾಗಿಯೇ ಕೊಳ್ಳಬಹುದು. ಕಣ್ಣು ಮಂಜಾದವರಿಗೆ ಲೇನ್‌ಗಳ ಸೂಚನಾ ಫಲಕ ಕಾಣದೇ ಹೋಗುವುದೇ ಮೊದಲ ದಿನದ ದೊಡ್ಡ ತೊಂದರೆಯಾದ್ದರಿಂದ ಈ ಖರ್ಚು ಸಾರ್ಥಕ. ಇವುಗಳ ಜೊತೆಗೆ ಒಂದು ಟವೆಲ್, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ, ಕೆಲವು 100 ಯೆನ್ ನಾಣ್ಯಗಳು ಮತ್ತು 1,000 ಯೆನ್ ನೋಟುಗಳು ಇರಲಿ. ಹಳೆಯ ಟಿಕೆಟ್ ಯಂತ್ರಗಳು 10,000 ಯೆನ್ ನೋಟನ್ನು ತೆಗೆದುಕೊಳ್ಳುವುದಿಲ್ಲ.

ಎಣ್ಣೆ, ಒಡವೆ, ಮೆಹಂದಿ, ಹಚ್ಚೆ

ನಮ್ಮವರಿಗೆ ಅತಿ ಹೆಚ್ಚು ಉಪಯೋಗವಾಗುವ ಭಾಗ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಳಕ್ಕೆ ಹೋಗುವ ದಿನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಹಿಂದಿನ ರಾತ್ರಿ ಹಚ್ಚಿದ್ದರೆ ಬೆಳಿಗ್ಗೆ ಶಾಂಪೂ ಹಾಕಿ ಪೂರ್ತಿ ತೊಳೆದುಕೊಂಡು ಹೋಗಿ. ಮೈಗೆ ಹಚ್ಚುವ ಕ್ರೀಮು, ಸನ್‌ಸ್ಕ್ರೀನ್, ಮುಖದ ಮೇಕಪ್, ಕಣ್ಣಿನ ಕಾಡಿಗೆ ಎಲ್ಲವನ್ನೂ ತೆಗೆಯಬೇಕೆಂಬುದು ಬಹುತೇಕ ಎಲ್ಲ ಕೊಳಗಳ ನಿಯಮ. ಇದರ ಹಿಂದಿನ ಕಾರಣ ಸರಳವಾಗಿದೆ. ನೀರಿನಲ್ಲಿರುವ ಕ್ಲೋರಿನ್ ರೋಗಾಣುಗಳನ್ನು ಕೊಲ್ಲಲೆಂದು ಇರುವಂಥದ್ದು. ನಮ್ಮ ಬೆವರು, ಎಣ್ಣೆ, ಕ್ರೀಮುಗಳು ನೀರಿಗೆ ಬೆರೆತರೆ ಕ್ಲೋರಿನ್ ಅವುಗಳ ಮೇಲೆಯೇ ಖರ್ಚಾಗಿ, ಕಣ್ಣು ಉರಿಸುವ, ಮೂಗಿಗೆ ಬಡಿಯುವ ಸಂಯುಕ್ತಗಳು ಹುಟ್ಟುತ್ತವೆ. ಈಜುಕೊಳದ ವಾಸನೆ ಎಂದು ನಾವು ಅಂದುಕೊಂಡಿರುವುದು ಬಹುಪಾಲು ಇದೇ. ಜಪಾನಿನ ಆರೋಗ್ಯ ಸಚಿವಾಲಯ 2007ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಕೊಳದ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.4 ಮಿಲಿಗ್ರಾಂಗಿಂತ ಕಡಿಮೆ ಇರಕೂಡದು, 1.0 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ತೋರಿಸುವ ಪಿಎಚ್ 5.8ರಿಂದ 8.6ರೊಳಗೆ ಇರಬೇಕು, ನೀರಿನ ತಾಪಮಾನ 22 ಡಿಗ್ರಿಗಿಂತ ಕೆಳಗಿಳಿಯಬಾರದು. ಬೆಚ್ಚನೆಯ ಕೊಳಗಳಲ್ಲಿ ಅದು ಸುಮಾರು 30 ಡಿಗ್ರಿ ಇರುತ್ತದೆ. ಅನೇಕ ಕೊಳಗಳಲ್ಲಿ ಒಂದು ಫಲಕದ ಮೇಲೆ ಗಾಳಿಯ ತಾಪಮಾನ, ನೀರಿನ ತಾಪಮಾನ, ಕ್ಲೋರಿನ್ ಪ್ರಮಾಣ ಇವುಗಳನ್ನು ದಿನವೂ ಬರೆದು ತೋರಿಸುತ್ತಾರೆ. ಆ ಅಂಕಿಗಳನ್ನು ಓದಿದಾಗ, ನನ್ನ ತಲೆಯ ಎಣ್ಣೆಯೂ ಅದೇ ಲೆಕ್ಕದಲ್ಲಿ ಸೇರುತ್ತದೆಂಬುದು ನನಗೆ ಚೆನ್ನಾಗಿ ಮನದಟ್ಟಾಯಿತು.

ಒಡವೆಗಳನ್ನು ಕಳಚಬೇಕು. ಕಿವಿಯೋಲೆ, ಸರ, ಬಳೆ, ಕೈಗಡಿಯಾರ, ಕಾಲ್ಗೆಜ್ಜೆ ಎಲ್ಲವೂ ಇದರಲ್ಲಿ ಸೇರುತ್ತವೆ. ಲೋಹದ ಚೂರು ತಳದಲ್ಲಿ ಬಿದ್ದರೆ ಬರಿಗಾಲಿನಲ್ಲಿ ನಡೆಯುವವರಿಗೆ ಚುಚ್ಚುತ್ತದೆ, ಕೈ ಬೀಸುವಾಗ ಪಕ್ಕದವರಿಗೆ ಗೀರುತ್ತದೆ. ಕಳಚಲಾಗದ ಮದುವೆಯ ಉಂಗುರದ ಮೇಲೆ ಟೇಪ್ ಸುತ್ತಿಕೊಂಡರೆ ಒಪ್ಪುವ ಕೊಳಗಳು ಹಲವಿವೆ. ಮಾಂಗಲ್ಯ, ಕಾಲುಂಗುರ, ಮೂಗುತಿ ಇವುಗಳ ಬಗ್ಗೆ ಜಪಾನಿ ಸೂಚನಾ ಫಲಕಗಳಲ್ಲಿ ಬರೆದಿರುವುದಿಲ್ಲ, ಏಕೆಂದರೆ ಅಲ್ಲಿ ಅವು ರೂಢಿಯಲ್ಲಿಲ್ಲ. ಆದರೆ ಸಿಬ್ಬಂದಿಯ ಕಣ್ಣಿಗೆ ಅವೂ ಒಡವೆಗಳೇ. ಮಾಂಗಲ್ಯವನ್ನು ಮನೆಯಲ್ಲೇ ತೆಗೆದಿಟ್ಟು ಹೋಗುವುದು ಎಲ್ಲಕ್ಕಿಂತ ಕ್ಷೇಮ, ಏಕೆಂದರೆ ಅದು ಲಾಕರಿನಲ್ಲಿಟ್ಟು ನಿಶ್ಚಿಂತೆಯಿಂದಿರುವ ವಸ್ತುವಲ್ಲ. ನನ್ನ ಕಾಲುಂಗುರ ಬೆರಳಿಗೆ ಬಿಗಿಯಾಗಿ ಕೂತಿತ್ತು. ಕೌಂಟರಿನ ಹುಡುಗಿಗೆ ಅದನ್ನು ತೋರಿಸಿ 'ಟೇಪು, ದೈಜೋಬು ದೆಸ್ ಕಾ', ಅಂದರೆ ಟೇಪು ಸುತ್ತಿದರೆ ಆಗುತ್ತದೆಯೇ, ಎಂದು ಕೇಳಿದೆ. ಅವಳು ತಾನೇ ಟೇಪಿನ ಸುರುಳಿ ತಂದು ಎರಡು ಸುತ್ತು ಕತ್ತರಿಸಿಕೊಟ್ಟಳು. ಕೇಳದೆ ನೀರಿಗಿಳಿದು ಆಮೇಲೆ ಕರೆಸಿಕೊಳ್ಳುವುದಕ್ಕಿಂತ ಮೊದಲೇ ಕೇಳುವುದು ಇಬ್ಬರಿಗೂ ಹಿತ. ಜನಿವಾರ, ಉಡಿದಾರ, ಕೈಗೆ ಕಟ್ಟಿದ ದಾರ ಇರುವವರು ಅವು ಈಜುಡುಗೆಯೊಳಗೆ ಅಥವಾ ರ‍್ಯಾಶ್‌ಗಾರ್ಡಿನೊಳಗೆ ನಿಲ್ಲುವಂತೆ ನೋಡಿಕೊಳ್ಳಲಿ.

ಹಚ್ಚೆಯ ವಿಷಯ ಇನ್ನೂ ಸೂಕ್ಷ್ಮ. ಜಪಾನಿನಲ್ಲಿ ಹಚ್ಚೆಯನ್ನು ಅಪರಾಧಿ ಗುಂಪುಗಳೊಂದಿಗೆ ಜೋಡಿಸಿ ನೋಡುವ ಭಾವನೆ ಬಹಳ ಹಿಂದಿನಿಂದ ಬಂದಿದ್ದು, ಸಾರ್ವಜನಿಕ ಕೊಳಗಳಲ್ಲಿ ಅದು ಕಾಣುವಂತೆ ಇರಬಾರದೆಂಬ ನಿಯಮ ಸಾಮಾನ್ಯ. ಅಜ್ಜಿಯ ಕಾಲದ ಹಣೆಯ ಹಚ್ಚೆಗೂ ಕೈಯ ಹಚ್ಚೆಗೂ ಅಂಥ ಅರ್ಥ ಇಲ್ಲವೆಂದು ವಾದಿಸುವುದರಿಂದ ಪ್ರಯೋಜನವಿಲ್ಲ. ಉದ್ದ ತೋಳಿನ ರ‍್ಯಾಶ್‌ಗಾರ್ಡ್, ಮೈಬಣ್ಣದ ಟೇಪ್, ಬಟ್ಟೆಯ ಪಟ್ಟಿ ಇವುಗಳಿಂದ ಮುಚ್ಚಿದರೆ ಹಲವು ಕೊಳಗಳಲ್ಲಿ ಸಾಕು. ಮದುವೆಗೋ ಹಬ್ಬಕ್ಕೋ ಹಾಕಿಸಿಕೊಂಡ ಮೆಹಂದಿಯೂ ದೂರದಿಂದ ಹಚ್ಚೆಯಂತೆಯೇ ಕಾಣುತ್ತದೆ. ಬಣ್ಣ ಗಾಢವಾಗಿರುವಾಗ ಒಂದು ವಾರ ಕಾಯುವುದು ವಿವೇಕ.

ಬಾಗಿಲಿನಿಂದ ನೀರಿನ ಅಂಚಿಗೆ

ಒಳಗೆ ಬರುತ್ತಲೇ 'ಗೆನ್‌ಕಾನ್' ಎಂಬ ತಗ್ಗಿನ ಜಾಗ ಸಿಗುತ್ತದೆ. ಅಲ್ಲಿ ಪಾದರಕ್ಷೆ ಬಿಚ್ಚಿ, ಏರಿದ ನೆಲದ ಮೇಲೆ ಬರಿಗಾಲಿಟ್ಟು, ಶೂಗಳನ್ನು ಗೋಡೆಯ ಗೂಡಿನಲ್ಲಿಡಬೇಕು. ಕೆಲವೆಡೆ ಶೂಗಳನ್ನು ಚೀಲದಲ್ಲಿ ಹಾಕಿಕೊಂಡು ಒಳಗಿನ ಲಾಕರಿಗೆ ಒಯ್ಯುವ ಪದ್ಧತಿಯಿದೆ. ಎದುರಿನವರು ಏನು ಮಾಡುತ್ತಾರೆಂದು ಒಂದು ಕ್ಷಣ ನಿಂತು ನೋಡಿ ಮುಂದುವರಿಯಿರಿ.

ಮುಂದೆ 'ಕೆನ್‌ಬಾಯ್‌ಕಿ' ಎಂಬ ಟಿಕೆಟ್ ಯಂತ್ರ ಇರುತ್ತದೆ. ಗುಂಡಿಗಳ ಮೇಲೆ ವಯಸ್ಕರು, ಮಕ್ಕಳು, ಹಿರಿಯರು ಎಂಬ ವಿಂಗಡಣೆ. ಅದು ಓದಲು ಬಾರದಿದ್ದರೆ ಕೌಂಟರಿಗೆ ಹೋಗಿ 'ಸುಮಿಮಾಸೆನ್, ಹಾಜಿಮೆತೆ ದೆಸ್' ಎನ್ನಿ. 'ಕ್ಷಮಿಸಿ, ಇದೇ ಮೊದಲ ಸಲ' ಎಂಬ ಅರ್ಥದ ಈ ಮಾತಿಗಿಂತ ಉಪಯುಕ್ತವಾದ ಜಪಾನಿ ವಾಕ್ಯ ಈಜುಕೊಳದಲ್ಲಿ ಬೇರೊಂದಿಲ್ಲ. ಅದನ್ನು ಕೇಳಿದ ಕೂಡಲೇ ಸಿಬ್ಬಂದಿ ಎದ್ದು ಬಂದು ಯಂತ್ರದಿಂದ ಹಿಡಿದು ಲಾಕರಿನವರೆಗೆ ತೋರಿಸಿಕೊಡುವುದನ್ನು ನಾನು ಬೇರೆ ಬೇರೆ ಊರುಗಳಲ್ಲಿ ಕಂಡಿದ್ದೇನೆ. 'ಒತೊನಾ ಇಚಿಮಾಯ್' ಎಂದರೆ ವಯಸ್ಕರ ಟಿಕೆಟ್ ಒಂದು. ಜ್ವರ, ಕಣ್ಣು ಬೇನೆ, ಚರ್ಮರೋಗ, ತೆರೆದ ಗಾಯ ಇರುವವರಿಗೂ ಕುಡಿದು ಬಂದವರಿಗೂ ಪ್ರವೇಶವಿಲ್ಲ.

ಬಟ್ಟೆ ಬದಲಿಸುವ ಕೋಣೆಗಳ ಬಾಗಿಲಲ್ಲಿ ಚಿತ್ರವೋ ನೀಲಿ, ಕೆಂಪು ಬಣ್ಣವೋ ಇರುವುದು ಸಾಮಾನ್ಯ. ಬರೀ ಅಕ್ಷರವಿದ್ದರೆ ಹೀಗೆ ಗುರುತಿಸಿ: ಮೇಲ್ಭಾಗದಲ್ಲಿ ನಾಲ್ಕು ಮನೆಗಳ ಗದ್ದೆಯಂಥ ಚೌಕ ಇರುವುದು ಗಂಡಸರದು, ಚೌಕವಿಲ್ಲದೆ ಗೆರೆಗಳು ಒಂದನ್ನೊಂದು ಕತ್ತರಿಸಿ ಅಡ್ಡಗೆರೆಯೊಂದು ಹಾದಿರುವುದು ಹೆಂಗಸರದು. ಒಳಗಿನ ಲಾಕರಿಗೆ 100 ಯೆನ್ ನಾಣ್ಯ ಹಾಕಿದರೆ ಬೀಗ ತಿರುಗುತ್ತದೆ, ವಾಪಸು ತೆರೆದಾಗ ನಾಣ್ಯ ಮರಳುತ್ತದೆ. ಕೀಲಿಗೆ ಪಟ್ಟಿ ಇದ್ದು ಅದನ್ನು ಮಣಿಕಟ್ಟಿಗೋ ಕಾಲಿನ ಹರಡಿಗೋ ಕಟ್ಟಿಕೊಳ್ಳಬೇಕು. ಜಪಾನಿನ ಬಿಸಿನೀರ ಬುಗ್ಗೆಗಳಲ್ಲಿ ಬೆತ್ತಲೆಯಾಗಿ ಇಳಿಯುವ ಪದ್ಧತಿಯನ್ನು ಕೇಳಿದವರು ಇಲ್ಲಿಯೂ ಹಾಗೆಯೇ ಎಂದು ಹೆದರುತ್ತಾರೆ. ಹಾಗಿಲ್ಲ, ಕೊಳದ ಬದಿಯ ಬಿಸಿ ತೊಟ್ಟಿಯೊಳಗೂ ಈಜುಡುಗೆಯಲ್ಲೇ ಇಳಿಯಬೇಕು. ಬಟ್ಟೆ ಬದಲಿಸಲು ಪರದೆಯ ಗೂಡುಗಳಿರುತ್ತವೆ, ಮೈಸುತ್ತುವ ಟವೆಲ್ ತಂದರೂ ನಡೆಯುತ್ತದೆ. ಫೋನನ್ನು ಈ ಕೋಣೆಯಲ್ಲಿ ಕೈಗೆತ್ತಿಕೊಳ್ಳಲೇಬೇಡಿ. ಸಮಯ ನೋಡಲು ತೆಗೆದರೂ ಛಾಯಾಗ್ರಹಣದ ಅನುಮಾನಕ್ಕೆ ಎಡೆಯಾಗುತ್ತದೆ.

ಕೋಣೆಯಿಂದ ಕೊಳಕ್ಕೆ ಹೋಗುವ ದಾರಿಯಲ್ಲಿ ಷವರ್ ಇದೆ. ಕೆಲವೆಡೆ ನೀವು ಕಾಲಿಟ್ಟೊಡನೆ ಎರಡೂ ಬದಿಯಿಂದ ತಾನಾಗಿಯೇ ನೀರು ಚಿಮ್ಮುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗುವ ದಾರಿಯೇ ಇರುವುದಿಲ್ಲ. ಟೋಪಿ ಹಾಕುವ ಮುನ್ನವೇ ಅಲ್ಲಿ ತಲೆಯಿಂದ ಕಾಲಿನವರೆಗೆ ಚೆನ್ನಾಗಿ ತೊಳೆದುಕೊಳ್ಳಿ. ಹಣೆಯ ಕುಂಕುಮವನ್ನೂ ವಿಭೂತಿಯನ್ನೂ ಇಲ್ಲಿಯೇ ತೊಳೆಯಿರಿ. ಸೋಪು, ಶಾಂಪೂ ಬಳಸಲು ಹೆಚ್ಚಿನ ಕೊಳಗಳಲ್ಲಿ ಅನುಮತಿಯಿಲ್ಲ. ಅದಕ್ಕಾಗಿಯೇ ಎಣ್ಣೆಯನ್ನು ಮನೆಯಲ್ಲಿ ತೊಳೆದು ಬರಬೇಕೆಂದು ಹೇಳಿದ್ದು.

ಲೇನ್‌ಗಳ ಲೆಕ್ಕ

ನೀರಿಗೆ ಧುಮುಕಬೇಡಿ. ಏಣಿಯಿಂದಲೋ ಅಂಚಿನಲ್ಲಿ ಕುಳಿತು ಜಾರಿಯೋ ಇಳಿಯಬೇಕು. ಸಾರ್ವಜನಿಕ ಕೊಳಗಳ ಆಳ ಬಹಳಷ್ಟು ಕಡೆ 1.1ರಿಂದ 1.3 ಮೀಟರ್ ಮಾತ್ರವಾದ್ದರಿಂದ ತಲೆ ತಳಕ್ಕೆ ಬಡಿಯುವ ಅಪಾಯ ನಿಜವಾದದ್ದು.

ಇಳಿಯುವ ಮುನ್ನ ಪ್ರತಿ ಲೇನ್‌ನ ತುದಿಯಲ್ಲಿರುವ ಫಲಕವನ್ನು ನೋಡಿ. ಬದಿಯ ಒಂದೋ ಎರಡೋ ಲೇನ್‌ಗಳು 'ಹೊಕೋ', ಅಂದರೆ ನೀರಿನಲ್ಲಿ ನಡೆಯುವವರಿಗೆ. ಮಂಡಿನೋವಿರುವ ಹಿರಿಯರು ಮುಕ್ಕಾಲು ಗಂಟೆ ಎದೆಮಟ್ಟದ ನೀರಿನಲ್ಲಿ ನಡೆಯುತ್ತಾ ಮಾತಾಡಿಕೊಳ್ಳುವ ಜಾಗ ಅದು; ಈಜಲು ಬಾರದವರೂ ಕೊಳಕ್ಕೆ ಬರಬಹುದೆಂಬುದಕ್ಕೆ ಇದೇ ಸಾಕ್ಷಿ, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಲೇನ್ ಇಲ್ಲ. ಇಲ್ಲಿ ಈಜಬಾರದು. 'ರೆನ್‌ಷೂ' ಎಂದಿರುವುದು ಅಭ್ಯಾಸದ ಲೇನ್. ನಡುವೆ ನಿಲ್ಲಬಹುದು, ಒದೆಹಲಗೆ ಹಿಡಿದು ಕಾಲು ಬಡಿಯಬಹುದು. 'ಕಾನ್‌ಎಯ್' ಎಂದಿದ್ದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಲ್ಲದೆ ಈಜುವವರಿಗೆ ಮಾತ್ರ. 'ಓಫುಕು' ಎಂಬುದು ಒಂದೇ ಲೇನ್‌ನಲ್ಲಿ ಹೋಗಿ ಬರುವವರಿಗೆ; ಕೆಲವು ಕೊಳಗಳಲ್ಲಿ ಬದಲಿಗೆ ಒಂದು ಲೇನ್ ಹೋಗಲು, ಪಕ್ಕದ್ದು ಬರಲು ಎಂಬ ಏಕಮುಖ ಏರ್ಪಾಡಿದೆ. 'ಜಿಯೂ' ಎಂಬ ಫಲಕವಿರುವ ಮುಕ್ತ ಭಾಗ ಮಕ್ಕಳಿಗೂ ಕುಟುಂಬಗಳಿಗೂ. ಈಜು ಚೆನ್ನಾಗಿ ಬಂದರೂ ಮೊದಲ ದಿನ ಅಭ್ಯಾಸದ ಲೇನ್‌ನಲ್ಲೇ ನಾಲ್ಕು ಸುತ್ತು ಹಾಕಿ, ಬೇರೆಯವರ ವೇಗ ನೋಡಿಕೊಂಡು ಆಮೇಲೆ ಬದಲಾಯಿಸಿ. ಬೆಂಗಳೂರಿನ ಕೊಳಗಳಲ್ಲಿ ಬ್ಯಾಚಿನ ಗುಂಪಿನಲ್ಲಿ ಜಾಗ ಸಿಕ್ಕ ಕಡೆ ಈಜಿ ಅಭ್ಯಾಸವಾದವರಿಗೆ ಈ ವಿಂಗಡಣೆ ಮೊದಲಿಗೆ ಕಟ್ಟುನಿಟ್ಟೆನಿಸಬಹುದು. ವಾರ ಕಳೆಯುವಷ್ಟರಲ್ಲಿ, ಯಾರ ಕಾಲೂ ಮುಖಕ್ಕೆ ತಾಗದೆ ಒಂದು ಸಾವಿರ ಮೀಟರ್ ಈಜಿದ ಮೇಲೆ, ಇದರ ಬೆಲೆ ತಿಳಿಯುತ್ತದೆ.

ಒಂದು ವಿಷಯವನ್ನು ವಿಶೇಷವಾಗಿ ಗಮನಿಸಿ. ಜಪಾನಿನ ರಸ್ತೆಗಳಲ್ಲಿ ನಮ್ಮಂತೆಯೇ ವಾಹನಗಳು ಎಡಗಡೆ ಸಾಗುತ್ತವೆ, ಆದರೆ ಕೊಳದ ಲೇನ್‌ನಲ್ಲಿ ಸಾಮಾನ್ಯವಾಗಿ ಬಲಗಡೆ ಸಾಗಬೇಕು. ತಳದಲ್ಲಿಯೋ ಫಲಕದಲ್ಲಿಯೋ ಬಾಣದ ಗುರುತು ಇರುತ್ತದೆ. ನಮ್ಮ ಕೈಕಾಲು ಅಭ್ಯಾಸಬಲದಿಂದ ಎಡಕ್ಕೆ ಎಳೆಯುವುದರಿಂದ, ತಿರುಗುವಾಗಲೆಲ್ಲ ಮನಸ್ಸಿನಲ್ಲೇ 'ಬಲ' ಎಂದುಕೊಳ್ಳಿ. ಎದುರಿಗೆ ನಿಧಾನವಾಗಿ ಈಜುವವರಿದ್ದರೆ ನಡುವಿನಲ್ಲಿ ದಾಟಿಹೋಗದೆ, ಗೋಡೆಯ ಬಳಿ ನಿಂತು ಅಂತರ ಬಿಟ್ಟು ಹೊರಡಬೇಕು. ವಿಶ್ರಾಂತಿ ಬೇಕೆನಿಸಿದರೆ ಲೇನ್‌ನ ಮೂಲೆಗೆ ಸರಿದು, ತಿರುಗುವವರಿಗೆ ಗೋಡೆಯ ನಡುಭಾಗವನ್ನು ಬಿಟ್ಟುಕೊಡಿ. ಕೈಗೆ ಹಾಕುವ ಪ್ಯಾಡಲ್, ಕಾಲಿನ ಫಿನ್, ಸ್ನಾರ್ಕೆಲ್ ಇವುಗಳಿಗೆ ಸಾಮಾನ್ಯ ಹೊತ್ತಿನಲ್ಲಿ ಹೆಚ್ಚಿನ ಕಡೆ ಅವಕಾಶವಿಲ್ಲ. ಬಟರ್‌ಫ್ಲೈ ಶೈಲಿಯನ್ನು ಜನ ಹೆಚ್ಚಿದ್ದಾಗ ಬೇಡವೆನ್ನುವ ಕೊಳಗಳೂ ಇವೆ.

ಸೀಟಿ ಊದಿದಾಗ

ಪ್ರತಿ ಗಂಟೆಗೊಮ್ಮೆ, ಬಹುತೇಕ 50ನೇ ನಿಮಿಷಕ್ಕೋ 55ನೇ ನಿಮಿಷಕ್ಕೋ ಸೀಟಿ ಊದಿ ಘೋಷಣೆ ಮಾಡುವ ಪದ್ಧತಿ ಅನೇಕ ಕೊಳಗಳಲ್ಲಿದೆ. ಇದು 'ಕ್ಯೂಕೇ', ಅಂದರೆ ವಿರಾಮ. ಈಜುತ್ತಿರುವವರು, ನಡೆಯುತ್ತಿರುವವರು, ಮಕ್ಕಳು, ಎಲ್ಲರೂ ನೀರಿನಿಂದ ಮೇಲೆ ಬಂದು ಐದು ಹತ್ತು ನಿಮಿಷ ಅಂಚಿನಲ್ಲಿ ಕೂರಬೇಕು. ನನ್ನ ಮೊದಲ ಭೇಟಿಯಲ್ಲಿ ತಲೆ ನೀರಿನೊಳಗಿದ್ದುದರಿಂದ ನನಗೆ ಸೀಟಿ ಕೇಳಿಸಲಿಲ್ಲ. ಲೇನ್‌ನ ತುದಿಗೆ ಬಂದಾಗ ಜೀವರಕ್ಷಕ ಮಂಡಿಯೂರಿ ಕುಳಿತು ಅಂಗೈಯಿಂದ ನೀರನ್ನು ಮೆಲ್ಲನೆ ತಟ್ಟುತ್ತಿದ್ದ. ತಲೆಯೆತ್ತಿ ನೋಡಿದರೆ ಇಡೀ ಕೊಳದಲ್ಲಿ ನಾನೊಬ್ಬಳೇ ಇದ್ದೆ, ಸುತ್ತಲೂ ಮೂವತ್ತು ನಲವತ್ತು ಮಂದಿ ಸುಮ್ಮನೆ ಕುಳಿತಿದ್ದರು. ಅಂದಿನಿಂದ ಗೋಡೆ ಮುಟ್ಟಿದಾಗಲೆಲ್ಲ ಗಡಿಯಾರ ನೋಡುವ ರೂಢಿಯಾಗಿದೆ.

ಈ ವಿರಾಮ ಬರೀ ದಣಿವಾರಿಸಿಕೊಳ್ಳಲು ಇರುವುದಲ್ಲ. ನೀರು ಅಲುಗದೆ ನಿಂತಾಗ ತಳ ಸ್ಪಷ್ಟವಾಗಿ ಕಾಣುತ್ತದೆ. ಜೀವರಕ್ಷಕರು ಅಂಚಿನುದ್ದಕ್ಕೂ ನಡೆದು ತಳದಲ್ಲಿ ಯಾರೂ ಇಲ್ಲ, ಏನೂ ಬಿದ್ದಿಲ್ಲ ಎಂದು ಕಣ್ಣಿಟ್ಟು ನೋಡುತ್ತಾರೆ. ಜಪಾನಿನವರ ಈ ಎಚ್ಚರಿಕೆಯ ಹಿಂದೆ ನೋವಿನ ಇತಿಹಾಸವಿದೆ. 1955ರ ಮೇ 11ರಂದು ಸೆತೊ ಒಳಸಮುದ್ರದಲ್ಲಿ ಮಂಜಿನ ನಡುವೆ ಶಿಉನ್ ಮಾರು ಎಂಬ ಹಡಗು ಮತ್ತೊಂದಕ್ಕೆ ಡಿಕ್ಕಿಯಾಗಿ ಮುಳುಗಿ 168 ಮಂದಿ ಸತ್ತರು. ಅವರಲ್ಲಿ 100 ಮಂದಿ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ದೇಶದ ಶಾಲೆಗಳಲ್ಲಿ ಕೊಳಗಳನ್ನು ಕಟ್ಟಿಸಿ ಪ್ರತಿ ಮಗುವಿಗೂ ಈಜು ಕಲಿಸಬೇಕೆಂಬ ನಿರ್ಧಾರಕ್ಕೆ ಆ ದುರಂತ ಒಂದು ಮುಖ್ಯ ಪ್ರೇರಣೆಯಾಯಿತು. 2006ರ ಜುಲೈ 31ರಂದು ಸೈತಾಮಾ ಪ್ರಾಂತ್ಯದ ಫುಜಿಮಿನೊ ನಗರದ ಕೊಳದಲ್ಲಿ, ನೀರು ಹೀರುವ ಕೊಳವೆಯ ಮುಚ್ಚಳ ಕಳಚಿದ್ದರಿಂದ 7 ವರ್ಷದ ಬಾಲಕಿಯೊಬ್ಬಳು ಅದರೊಳಗೆ ಸೆಳೆಯಲ್ಪಟ್ಟು ತೀರಿಕೊಂಡಳು; ಮರುವರ್ಷ ಸರ್ಕಾರವು ಕೊಳಗಳ ಸುರಕ್ಷತೆಗೆ ರಾಷ್ಟ್ರಮಟ್ಟದ ಮಾರ್ಗಸೂಚಿ ಹೊರಡಿಸಿತು. ಸೀಟಿ ಊದಿದಾಗ ಒಂದು ಸುತ್ತು ಬಾಕಿಯಿದ್ದರೂ ಕೂಡಲೇ ಮೇಲೆ ಬರಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ವಿರಾಮದಲ್ಲಿ ಚಳಿಯೆನಿಸಿದರೆ ಬದಿಯಲ್ಲಿ 'ಸಾಯ್‌ದಾನ್‌ಷಿತ್ಸು' ಎಂಬ ಬೆಚ್ಚನೆಯ ಕೋಣೆ ಇರುತ್ತದೆ. ಒದ್ದೆ ಮೈಯಲ್ಲೇ ಅಲ್ಲಿ ಕೂರಬಹುದು. ಭೂಮಿ ಕಂಪಿಸಿದರೆ ನಡುನೀರಿನಲ್ಲಿ ನಿಲ್ಲದೆ ಹತ್ತಿರದ ಅಂಚನ್ನು ಹಿಡಿದು, ಜೀವರಕ್ಷಕರ ಮಾತಿನಂತೆ ನಡೆದುಕೊಳ್ಳಿ.

ಮಕ್ಕಳೊಂದಿಗೆ ಹೋಗುವವರು

ಡಯಪರ್ ಬಿಡದ ಮಗುವಿಗೆ ಹೆಚ್ಚಿನ ಕೊಳಗಳಲ್ಲಿ ಪ್ರವೇಶವಿಲ್ಲ, ನೀರಿನ ಡಯಪರ್ ಹಾಕಿದರೂ ಇಲ್ಲ. ಶಾಲೆಗೆ ಸೇರದ ಮಕ್ಕಳು ಮತ್ತು ಕೆಳ ತರಗತಿಯವರ ಜೊತೆ ವಯಸ್ಕರೊಬ್ಬರು ಈಜುಡುಗೆ ಧರಿಸಿ ನೀರಿಗಿಳಿಯಬೇಕು. ಅಂಚಿನಲ್ಲಿ ಕುಳಿತು ನೋಡುತ್ತೇನೆ ಎಂದರೆ ಒಪ್ಪುವುದಿಲ್ಲ. ಒಬ್ಬ ವಯಸ್ಕರಿಗೆ ಇಬ್ಬರು ಮಕ್ಕಳೆಂಬ ಮಿತಿಯೂ ಸಾಮಾನ್ಯ. ಶಾಲೆಗೆ ಹೋಗುವ ವಯಸ್ಸಿನ ಮಗನನ್ನು ಅಮ್ಮ ತನ್ನ ಕೋಣೆಗೆ, ಮಗಳನ್ನು ಅಪ್ಪ ತನ್ನ ಕೋಣೆಗೆ ಕರೆದೊಯ್ಯುವುದು ತಪ್ಪಾಗುತ್ತದೆ. ಕೆಲವು ಕಡೆ ಕುಟುಂಬಕ್ಕೆಂದು ಬೇರೆ ಕೋಣೆ ಇದೆ, ಕೌಂಟರಿನಲ್ಲಿ ಕೇಳಿ.

ಹೊರಬರುವಾಗ

ನೀರಿನಿಂದ ಎದ್ದ ಮೇಲೆ ಷವರ್‌ನಲ್ಲಿ ಕ್ಲೋರಿನ್ ತೊಳೆದುಕೊಂಡು, ಲಾಕರುಗಳಿರುವ ಕೋಣೆಯ ಹೊಸ್ತಿಲಿನ ಈಚೆಯೇ ಮೈ ಒರೆಸಿಕೊಳ್ಳಬೇಕು. ಒಳಗಿನ ನೆಲ ಒಣಗಿರಬೇಕೆಂಬುದನ್ನು ಅಲ್ಲಿನವರು ಬಹಳ ಮುಖ್ಯವೆಂದು ಭಾವಿಸುತ್ತಾರೆ; ಹೊರದೇಶದವರಿಂದ ಹೆಚ್ಚಾಗಿ ಆಗುವ ತಪ್ಪೂ ಇದೇ. ಇದಕ್ಕೆಂದೇ ಹಿಂಡಿದರೆ ಮತ್ತೆ ನೀರು ಹೀರುವ ಚಿಕ್ಕ ಸ್ಪಂಜಿನಂಥ ಟವೆಲನ್ನು ಜಪಾನಿನವರು ಕೊಳದ ಬದಿಗೇ ತಂದಿಟ್ಟುಕೊಳ್ಳುತ್ತಾರೆ. ಒಂದು ಮೂಲೆಯಲ್ಲಿ ಈಜುಡುಗೆಯ ನೀರು ಹಿಂಡುವ ಸಣ್ಣ ಯಂತ್ರ ಇದ್ದರೆ, ಉಡುಗೆಯನ್ನು ಅದರೊಳಗೆ ಹಾಕಿ ಮುಚ್ಚಳವನ್ನು ಒತ್ತಿ ಹಿಡಿಯಿರಿ. ಕೆಲವೇ ಕ್ಷಣಗಳಲ್ಲಿ ನೀರು ಬಸಿದುಹೋಗುತ್ತದೆ. ಚಳಿಗಾಲದಲ್ಲಿ ಕೂದಲನ್ನು ಅಲ್ಲಿರುವ ಡ್ರೈಯರಿನಲ್ಲಿ ಬುಡದವರೆಗೆ ಒಣಗಿಸದೆ ಹೊರಡಬೇಡಿ.

ಲಾಕರಿನಿಂದ ಮರಳಿದ 100 ಯೆನ್ ನಾಣ್ಯವನ್ನು ಮರೆಯದೆ ತೆಗೆದುಕೊಂಡು, ಹೋಗುವಾಗ ಕೌಂಟರಿನಲ್ಲಿ 'ಕಾಯ್‌ಸೂಕೆನ್' ಇದೆಯೇ ಎಂದು ವಿಚಾರಿಸಿ. ಹತ್ತು ಸಲದ ಹಣಕ್ಕೆ ಹನ್ನೊಂದು ಟಿಕೆಟ್ ಕೊಡುವ ಕಟ್ಟು ಅದು, ಅನೇಕ ಕೊಳಗಳಲ್ಲಿ ಸಿಗುತ್ತದೆ. ಅದಕ್ಕೆ ಬಳಕೆಯ ಅವಧಿ ಮುಗಿಯುವ ದಿನ ಇದ್ದರೆ ಆ ದಿನಾಂಕವನ್ನು ಅಲ್ಲೇ ಓದಿಸಿಕೊಂಡು ಬನ್ನಿ.